ದಂಡಿನ ಗೇಟು, ಮನೆಯ ಬಾಗಿಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ಕುಪವಾಡ ಎಂಐಡಿಸಿಯ ಈ ಚಿಕ್ಕ ಕನ್ನಡ ಶಾಲೆಯಲ್ಲಿ ಮಣೆಯ ಮೇಲೆ ಕುಳಿತು ಅಕ್ಷರ ತಿದ್ದಿದವನಿಗೆ ಅದೇ ಶಾಲೆಯ ಹೊತ್ತಿಗೆಯಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಸಂತೋಷದ ವಿಷಯವೇ. ಆದರೆ ಅವರು ಅಪೇಕ್ಷಿಸಿದ್ದು ಸೈನ್ಯದ ಸಾಹಸದ ಅನುಭವಗಳನ್ನು. ಇಪ್ಪತ್ನಾಲ್ಕು ವರ್ಷ ಸೇವೆ ಸಲ್ಲಿಸಿ ಹವಾಲ್ದಾರನಾಗಿ 2017ರಲ್ಲಿ ನಿವೃತ್ತನಾದ ನನ್ನ ಬಳಿ ಗುಂಡು ಹಾರಿಸಿದ ಕಥೆಗಳಿಲ್ಲ. ನನ್ನ ಸೇವೆಯ ಬಹುಭಾಗ ಕಳೆದದ್ದು ಸೈನಿಕ ನೆಲೆಗಳ ಗೇಟುಗಳಲ್ಲಿ, ಒಳಗೆ ಬರುವ ಮೋಟಾರ್‌ಸೈಕಲ್ಲುಗಳನ್ನು ಕೈಯೊಡ್ಡಿ ನಿಲ್ಲಿಸುವುದರಲ್ಲಿ. ಆದುದರಿಂದ ಆ ಗೇಟಿನ ಕಥೆಯನ್ನೇ ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೇ ಒಂದು ದೊಡ್ಡ ತಪ್ಪಿನ ಕಥೆಯೂ ಇದೆ. ಅದನ್ನು ಇಷ್ಟು ವರ್ಷ ಎಲ್ಲಿಯೂ ಬರೆದಿರಲಿಲ್ಲ. ಬರೆಯುವುದಾದರೆ ಈ ಶಾಲೆಯ ಪುಟಗಳಲ್ಲಿಯೇ ಬರೆಯಬೇಕು ಎನ್ನಿಸಿತು.

ನನ್ನ ತಂದೆ ಜತ್ತ ತಾಲೂಕಿನ ಬರಡು ಭೂಮಿಯನ್ನು ಬಿಟ್ಟು ಇಲ್ಲಿಯ ಒಂದು ಫೌಂಡ್ರಿಗೆ ಕೆಲಸಕ್ಕೆ ಬಂದವರು. ನನ್ನ ವರ್ಗದ ಬಹುತೇಕ ಮಕ್ಕಳ ಕಥೆಯೂ ಅದೇ. ಜತ್ತ, ಅಥಣಿ, ವಿಜಾಪುರದ ಕಡೆಯ ಹಳ್ಳಿಗಳಿಂದ ಹೊಟ್ಟೆಯ ಪಾಡಿಗಾಗಿ ಬಂದ ಕುಟುಂಬಗಳವು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಕಾರಖಾನೆಯಲ್ಲಿ ಎರಡೂ ಬೆರೆತ ಒಂದು ಮೂರನೆಯ ಭಾಷೆ. ನಮ್ಮ ಶಾಲೆಗೆ ಗಡಿಯಾರದ ಅವಶ್ಯಕತೆಯೇ ಇರಲಿಲ್ಲ. ಪಾಳಿ ಬದಲಾಗುವಾಗ ಮೊಳಗುವ ಭೋಂಗಾ ನಮ್ಮ ಗಂಟೆಯೂ ಆಗಿತ್ತು. ಶಾಲೆ ಬಿಡುವ ಹೊತ್ತಿಗೂ ಪಾಳಿ ಬಿಡುವ ಹೊತ್ತಿಗೂ ಹೆಚ್ಚು ಅಂತರವಿಲ್ಲದ್ದರಿಂದ ಟ್ರಕ್ಕುಗಳು, ಸೈಕಲ್ಲುಗಳು, ಲೂನಾಗಳು ಒಮ್ಮೆಲೇ ರಸ್ತೆಗೆ ನುಗ್ಗುತ್ತಿದ್ದವು.

ಆಗ ನಮ್ಮ ಅಕ್ಕೋರು ರಸ್ತೆಯ ನಡುವೆ ಬಂದು ನಿಲ್ಲುತ್ತಿದ್ದರು. ಹೆಸರು ಹೇಳದಿದ್ದರೂ ಆ ಕಾಲದ ವಿದ್ಯಾರ್ಥಿಗಳಿಗೆ ಅವರಾರೆಂದು ತಿಳಿದೇ ತಿಳಿಯುತ್ತದೆ. ಕೈಯಲ್ಲಿ ಮಡಿಚಿದ ಕರಿಯ ಛತ್ರಿ. ಅದನ್ನು ಅಡ್ಡ ಹಿಡಿದರೆಂದರೆ ಹತ್ತು ಗಾಲಿಯ ಟ್ರಕ್ಕೂ ನಿಲ್ಲುತ್ತಿತ್ತು. “ಸಾಲ ಬಿಡಬ್ಯಾಡ್ರಿ, ಓಡಬ್ಯಾಡ್ರಿ” ಎಂದು ಕಡೆಯ ಮಗು ದಾಟುವವರೆಗೂ ಅವರು ಕದಲುತ್ತಿರಲಿಲ್ಲ. ಒಮ್ಮೆ ಒಬ್ಬ ಚಾಲಕ ಸಿಟ್ಟಿನಿಂದ ಹಾರ್ನ್ ಬಾರಿಸಿದಾಗ ಅವರು ತಿರುಗಿಯೂ ನೋಡಲಿಲ್ಲ. ಮುಂದೆ ನಾನು ಎಷ್ಟೋ ಅಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದೆ. ಆದರೆ ವಾಹನ ನಿಲ್ಲಿಸುವ ವಿದ್ಯೆಯಲ್ಲಿ ನನ್ನ ಮೊದಲ ಗುರು ಆ ಛತ್ರಿಯೇ.

1993ರಲ್ಲಿ ಕೊಲ್ಹಾಪುರದಲ್ಲಿ ನಡೆದ ಸೈನ್ಯ ಭರ್ತಿಯಲ್ಲಿ ಆಯ್ಕೆಯಾಗಿ ನಾನು ಸೇನಾ ಪೊಲೀಸ್ ದಳವನ್ನು ಸೇರಿದೆ. ಕೆಂಪು ಟೋಪಿ ಧರಿಸಿ, ತೋಳಿಗೆ ‘ಎಂ.ಪಿ.’ ಎಂಬ ಪಟ್ಟಿ ಕಟ್ಟಿಕೊಂಡು ನಿಲ್ಲುವ ಸಿಪಾಯಿಗಳನ್ನು ಬೆಳಗಾವಿಯ ಕ್ಯಾಂಪಿನ ಕಡೆ ಹೋದವರು ನೋಡಿರಬಹುದು. ಶಿಸ್ತು ಮತ್ತು ಸಂಚಾರ ನಿಯಂತ್ರಣ, ಇವೆರಡು ಆ ದಳದ ಮುಖ್ಯ ಹೊಣೆಗಳು. ಅದರ ತರಬೇತಿ ಕೇಂದ್ರವಿರುವುದು ಬೆಂಗಳೂರಿನಲ್ಲಿ. ನಾನು ಮೋಟಾರ್‌ಸೈಕಲ್ ಕಲಿತದ್ದು ಅಲ್ಲಿಯೇ, ಬುಲೆಟ್ ಗಾಡಿಯ ಮೇಲೆ. ನಮ್ಮ ಸೈನ್ಯಕ್ಕೂ ಆ ಗಾಡಿಗೂ 1950ರ ದಶಕದ ಆರಂಭದಿಂದ ನಂಟು. ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದ ಆ ಗಾಡಿಯನ್ನು 1955ರಿಂದ ಮದ್ರಾಸಿನಲ್ಲಿ ಕೂಡಿಸತೊಡಗಿದರು.

ಕಲಿಸುವ ಉಸ್ತಾದರು ಮೊದಲ ವಾರ ಗಾಡಿಯನ್ನು ಚಾಲೂ ಮಾಡಲೇ ಬಿಡಲಿಲ್ಲ. ತಳ್ಳಿಸಿದರು, ಮಲಗಿಸಿ ಎತ್ತಿಸಿದರು, ನಿಂತಲ್ಲಿಯೇ ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತುವುದನ್ನು ನೂರು ಸಲ ಮಾಡಿಸಿದರು. ಬಳಿಕ ಎಂಟರ ಅಂಕಿಯ ಆಕಾರದಲ್ಲಿ ನಿಧಾನವಾಗಿ ಸುತ್ತಿಸಿದರು. “ವೇಗವಾಗಿ ಓಡಿಸಲು ಯಾರಿಗಾದರೂ ಬರುತ್ತದೆ. ನಿಧಾನವಾಗಿ ಓಡಿಸುವವನೇ ಸವಾರ” ಎಂಬುದು ಅವರ ಮಾತು. ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದ ಮೇಲೆ ಅದರೊಳಗೆ ಅವರ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಹೋದರೆ ಆ ದಿನ ಗಾಡಿ ಇಲ್ಲ, ಮೈದಾನ ಸುತ್ತುವ ಓಟ ಮಾತ್ರ.

ಸೈನಿಕ ನೆಲೆಯ ಒಳಗೆ ಮೋಟಾರ್‌ಸೈಕಲ್ ಸವಾರನಿಗಿರುವ ನಿಯಮಗಳನ್ನು ಹೊರಗಿನವರು ಕೇಳಿದರೆ ಇಷ್ಟೆಯೇ ಎಂದಾರು. ನಾನು ಕೆಲಸ ಮಾಡಿದ ಗೇಟುಗಳಲ್ಲಿ ಅವು ಹೆಚ್ಚು ಕಡಿಮೆ ಒಂದೇ ರೀತಿ ಇದ್ದವು. ಲೈಸನ್ಸ್, ವಿಮೆ, ಗಾಡಿಯ ಕಾಗದಪತ್ರ ಸರಿಯಿದ್ದರೆ ಮಾತ್ರ ಪಾಸು. ಓಡಿಸುವವನಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್, ಪಟ್ಟಿ ಬಿಗಿದಿರಬೇಕು. ಹಿಂದೆ ಒಬ್ಬರಿಗಿಂತ ಹೆಚ್ಚು ಕೂರುವಂತಿಲ್ಲ. ಕಾಲಲ್ಲಿ ಚಪ್ಪಲಿಯಲ್ಲ, ಬೂಟು. ಫಲಕದಲ್ಲಿ ಬರೆದ ವೇಗ ಮೀರುವಂತಿಲ್ಲ. ಬಹಳ ಕಡೆ ಅದು ಗಂಟೆಗೆ 30 ಅಥವಾ 40 ಕಿಲೋಮೀಟರು. ಜವಾನರ ತುಕಡಿ ಕವಾಯತು ಮಾಡುತ್ತ ಸಾಗುತ್ತಿದ್ದರೆ ಗಾಡಿಯೇ ತಗ್ಗಿ ನಡೆಯಬೇಕು, ಹಾದಿ ಕಾಲ್ನಡಿಗೆಯವರದು. ಮನೆಗಳು, ಶಾಲೆ, ಆಸ್ಪತ್ರೆಯ ಬಳಿ ಮುಂದಿನ ಗಾಡಿಯನ್ನು ಹಿಂದೆ ಹಾಕುವಂತಿಲ್ಲ. ಇಷ್ಟೆ.

ಇವುಗಳಲ್ಲಿ ಹೆಚ್ಚಿನವು ಸೈನ್ಯ ಹೊಸದಾಗಿ ಸೃಷ್ಟಿಸಿದ ಕಾನೂನುಗಳಲ್ಲ. 1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮು ಹಿಂದೆ ಒಬ್ಬರೇ ಕೂರಬೇಕೆನ್ನುತ್ತದೆ, 129ನೆಯ ಕಲಮು ಹೆಲ್ಮೆಟ್ ಧರಿಸಬೇಕೆನ್ನುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ಮಿರಜಿನ ಬಾಜಾರಿಗೂ ದಂಡಿನ ಪ್ರದೇಶಕ್ಕೂ ಕಾಯಿದೆ ಒಂದೇ. ವ್ಯತ್ಯಾಸವಿಷ್ಟೆ: ಅಲ್ಲಿ ಒಂದು ಗೇಟು ಇತ್ತು, ಗೇಟಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಆ ಮನುಷ್ಯ ನಾನಾಗಿದ್ದ ಒಂದು ಸಂಜೆಯ ಪ್ರಸಂಗವನ್ನು ಹೇಳುತ್ತೇನೆ. ಸೇವೆಗೆ ಸೇರಿ ಐದಾರು ವರ್ಷಗಳಾಗಿದ್ದವು. ಒಬ್ಬ ಹಿರಿಯ ಅಧಿಕಾರಿ ಸ್ಕೂಟರಿನ ಮೇಲೆ ಪತ್ನಿಯೊಂದಿಗೆ ಬಂದರು. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು, ಅವರ ಪತ್ನಿಯ ತಲೆಯ ಮೇಲೆ ಇರಲಿಲ್ಲ. ನನ್ನ ಎದೆ ಡವಗುಟ್ಟುತ್ತಿತ್ತು. ಆದರೂ ಸೆಲ್ಯೂಟ್ ಹೊಡೆದು, ಕೈಯೊಡ್ಡಿ ನಿಲ್ಲಿಸಿ, “ಕ್ಷಮಿಸಬೇಕು ಸಾಹೇಬರೆ, ಮೇಮ್‌ಸಾಹೇಬರಿಗೆ ಹೆಲ್ಮೆಟ್ ಇಲ್ಲ” ಎಂದು ಹಿಂದಿಯಲ್ಲಿ ಹೇಳಿದೆ. ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿದರು. ಬಳಿಕ ಸ್ಕೂಟರನ್ನು ಗೇಟಿನ ಪಕ್ಕದಲ್ಲಿ ನಿಲ್ಲಿಸಿ, ಕೀಲಿ ತೆಗೆದುಕೊಂಡು, ಪತ್ನಿಯೊಂದಿಗೆ ಮಾತನಾಡುತ್ತ ಒಂದು ಕಿಲೋಮೀಟರು ದೂರದ ತಮ್ಮ ಮನೆಗೆ ನಡೆದುಹೋದರು. ಮರುದಿನ ನನಗೆ ಶಿಕ್ಷೆಯೂ ಬರಲಿಲ್ಲ, ಪ್ರಶಂಸೆಯೂ ಬರಲಿಲ್ಲ. ಅಂದು ನಾನು ಒಳಗೊಳಗೇ ಬಹಳ ಹೆಮ್ಮೆಪಟ್ಟೆ. ನಿಯಮದ ಎದುರು ಎಲ್ಲರೂ ಸಮಾನರು ಎಂದು ಊರಿಗೆ ಬಂದಾಗಲೆಲ್ಲ ಈ ಕಥೆಯನ್ನು ಹೇಳಿಕೊಂಡು ತಿರುಗಿದೆ. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವನು ನನ್ನ ತಮ್ಮ.

ತಮ್ಮನೂ ಇದೇ ಶಾಲೆಯ ವಿದ್ಯಾರ್ಥಿ. ನನಗಿಂತ ಆರು ವರ್ಷ ಚಿಕ್ಕವನು. ಅವನ ಮಾತು ಬಲು ಚುರುಕು. ಶಾಲೆಯ ಸ್ನೇಹ ಸಮ್ಮೇಳನಗಳಲ್ಲಿ ಭಾಷಣಕ್ಕೆ ಮೊದಲ ಬಹುಮಾನ ಅವನದೇ. ಐ.ಟಿ.ಐ. ಮುಗಿಸಿ ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದ.

2004ರ ಜನವರಿಯಲ್ಲಿ ನಾನು ರಜೆಯ ಮೇಲೆ ಬಂದಿದ್ದೆ. ಉಳಿತಾಯದ ಹಣದಿಂದ ಕೊಂಡ ಮೋಟಾರ್‌ಸೈಕಲ್ ಮನೆಯ ಮುಂದಿತ್ತು. ಒಂದೇ ಒಂದು ಹೆಲ್ಮೆಟ್ ಒಳಗೆ ಗೂಟಕ್ಕೆ ತೂಗುಹಾಕಿತ್ತು. ರಜೆಗೆ ಹೊರಡುವ ಮುನ್ನ ನಮಗೆಲ್ಲ ಪ್ರತಿ ಸಲವೂ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದ ಮಾತು ಒಂದು: “ನೆಲೆಯೊಳಗೆ ನೀವು ಸುರಕ್ಷಿತರು. ಮನೆಗೆ ಹೋದ ಮೇಲೆಯೂ ಗಾಡಿ ಅದೇ, ತಲೆಯೂ ಅದೇ ಎಂಬುದನ್ನು ಮರೆಯಬೇಡಿ.” ಆ ಮಾತನ್ನು ನಾನು ಹೊಸಬರಿಗೆ ಹೇಳಿದವನೂ ಹೌದು.

ಮರುದಿನ ನಾನು ಹೊರಡಬೇಕಿತ್ತು. ಸಂಜೆ ಏಳರ ಸುಮಾರಿಗೆ ತಮ್ಮ ಬಂದು, “ಅಣ್ಣಾ, ಕೀಲಿ ಕೊಡು, ಮಿರಜ ಸ್ಟೇಶನ್ನಿಗೆ ಹೋಗಿ ನಿನ್ನ ತಿಕೀಟು ತರತೇನಿ” ಎಂದ. ಕೀಲಿ ಎಸೆದೆ. ಒಲೆಯ ಮುಂದೆ ಕುಳಿತಿದ್ದ ಅವ್ವ ಅಲ್ಲಿಂದಲೇ, “ತಲೀಗೆ ಅದನ್ನ ಹಾಕ್ಕೊಂಡು ಹೋಗೋ” ಎಂದಳು. ಅದಕ್ಕೆ ಉತ್ತರ ಕೊಟ್ಟವನು ತಮ್ಮನಲ್ಲ, ನಾನು. “ಇರಲಿ ಬಿಡವ್ವಾ, ಇಲ್ಲೇ ಹೋಗಿ ಬರತಾನ” ಎಂದೆ.

ಅದು ಕಬ್ಬು ಅರೆಯುವ ಹಂಗಾಮು. ಟ್ರ್ಯಾಕ್ಟರಿಗೆ ಒಂದರ ಹಿಂದೊಂದು ಎರಡು ಟ್ರಾಲಿ ಕಟ್ಟಿ, ಅಗಲಕ್ಕೂ ಎತ್ತರಕ್ಕೂ ಕಬ್ಬು ಹೇರಿ ಸಾಗಿಸುವುದನ್ನು ನಮ್ಮ ಸಾಂಗಲಿ ಜಿಲ್ಲೆಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಅಂಥ ಒಂದು ಟ್ರಾಲಿ ಕೆಟ್ಟು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ತಮ್ಮ ಅದಕ್ಕೆ ಹೋಗಿ ಅಪ್ಪಳಿಸಿದ. ವೇಗ ಹೆಚ್ಚಿರಲಿಲ್ಲವೆಂದು ನೋಡಿದವರು ಹೇಳಿದರು. ಕೈಕಾಲಿಗೆ ತರಚಿದ ಗಾಯ ಮಾತ್ರ. ಆದರೆ ತಲೆಯ ಎಡಭಾಗ ಡಾಂಬರಿಗೆ ಬಡಿದಿತ್ತು. ಸುದ್ದಿ ಹೊತ್ತು ಓಡಿಬಂದ ಹುಡುಗ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ನನ್ನ ಕಣ್ಣು ಹೋದದ್ದು ಗೂಟದ ಮೇಲಿನ ಹೆಲ್ಮೆಟ್ಟಿಗೆ.

ಮಿರಜಿನ ವೈದ್ಯರು ಅವನ ಜೀವ ಉಳಿಸಿದರು. ಅವರಿಗೆ ನಮ್ಮ ಮನೆತನ ಎಂದೆಂದಿಗೂ ಋಣಿ. ಹನ್ನೊಂದು ದಿನಗಳ ಮೇಲೆ ಅವನು ಕಣ್ಣು ತೆರೆದ. ನಮ್ಮನ್ನೆಲ್ಲ ಗುರುತಿಸಿದ. ಆದರೆ ಬಾಯಿ ತೆರೆದಾಗ ಮಾತು ಹೊರಡಲಿಲ್ಲ. ಎಡಗಡೆಯ ಮಿದುಳಿಗೆ ಪೆಟ್ಟಾದರೆ ಅನೇಕರಲ್ಲಿ ಮಾತಿನ ಶಕ್ತಿಗೇ ಧಕ್ಕೆಯಾಗುತ್ತದೆಂದು ವೈದ್ಯರು ತಿಳಿಸಿದರು. ಕುಡಿಯಲು ನೀರು ಬೇಕಾದರೆ ಲೋಟದ ಕಡೆಗೆ ನೋಡುತ್ತಿದ್ದ. ನೀರು ಎಂಬ ಮಾತು ಮಾತ್ರ ಅವನಿಗೆ ಸಿಗುತ್ತಿರಲಿಲ್ಲ. ಭಾಷಣದಲ್ಲಿ ಬಹುಮಾನ ಪಡೆದ ಹುಡುಗನ ಸ್ಥಿತಿ ಇದು.

ಆ ಸುದ್ದಿ ಕೇಳಿ, ಅಷ್ಟರಲ್ಲಿ ನಿವೃತ್ತರಾಗಿದ್ದ ನಮ್ಮ ಅಕ್ಕೋರು ಮನೆಗೆ ಬಂದರು. ಕೈಯಲ್ಲಿ ಅದೇ ತರಹದ ಛತ್ರಿ, ಚೀಲದಲ್ಲಿ ಒಂದು ಪಾಟಿ ಮತ್ತು ಒಂದನೆಯ ಇಯತ್ತೆಯ ಕನ್ನಡ ಪುಸ್ತಕ. ತಮ್ಮನ ತಲೆಯ ಮೇಲೆ ಕೈಯಾಡಿಸಿ ಬಹಳ ಹೊತ್ತು ಸುಮ್ಮನೆ ಕುಳಿತರು. ಹೊರಡುವಾಗ ನಾನು ಅವರನ್ನು ಬೀಳ್ಕೊಡಲು ಓಣಿಯ ತುದಿಯವರೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಿಂತು, ಸಿಟ್ಟಿಲ್ಲದ ದನಿಯಲ್ಲಿ, “ನಿನ್ನ ಗೇಟಿನ್ಯಾಗ ಇಂವನ್ನ ಹಂಗ ಬಿಡತಿದ್ದಿ ಏನಪಾ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಹಿರಿಯ ಅಧಿಕಾರಿಯನ್ನು ನಡೆಸಿ ಕಳಿಸಿದ ನಾನು ಒಡಹುಟ್ಟಿದವನನ್ನು ಬರಿದಲೆಯಲ್ಲಿ ಕಳಿಸಿದ್ದೆ. ಅಂದಿನವರೆಗೆ ನಾನು ಪಾಲಿಸಿದ್ದು ನಿಯಮವನ್ನಲ್ಲ, ಗೇಟನ್ನು ಮಾತ್ರ ಎಂಬುದು ಆ ಒಂದು ಪ್ರಶ್ನೆಯಿಂದ ನನಗೆ ತಿಳಿಯಿತು.

ಆಮೇಲೆ ನಾನು ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ತಿಳಿದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಇಂದು ನಾವು ತೊಡುವ ಈ ಶಿರಸ್ತ್ರಾಣದ ನಿಯಮ ಹುಟ್ಟಿದ್ದು ಒಬ್ಬ ಮಾಜಿ ಸೈನಿಕನ ಸಾವಿನಿಂದ ಮತ್ತು ಸೈನ್ಯದ ಮೋಟಾರ್‌ಸೈಕಲ್ ಸವಾರರ ಗಾಯಗಳಿಂದ. ‘ಅರೇಬಿಯಾದ ಲಾರೆನ್ಸ್’ ಎಂದು ಜಗತ್ಪ್ರಸಿದ್ಧನಾದ ಟಿ. ಇ. ಲಾರೆನ್ಸ್ ಮೊದಲ ಮಹಾಯುದ್ಧದ ತರುವಾಯ ಹೆಸರು ಬದಲಿಸಿಕೊಂಡು ಬ್ರಿಟಿಷ್ ವಾಯುಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದ. ಕೆಲಕಾಲ ಅವಿಭಜಿತ ಭಾರತದ ಕರಾಚಿಯಲ್ಲಿಯೂ ಇದ್ದ. 1935ರ ಮೇ 13ರಂದು, ಸೇವೆಯಿಂದ ಬಿಡುಗಡೆಯಾಗಿ ಕೆಲವೇ ವಾರಗಳಾಗಿದ್ದಾಗ, ಇಂಗ್ಲೆಂಡಿನ ಬೋವಿಂಗ್ಟನ್ ಸೈನಿಕ ಶಿಬಿರದ ಹತ್ತಿರದ ತನ್ನ ಮನೆಯ ಕಡೆಗೆ ಮೋಟಾರ್‌ಸೈಕಲ್ ಮೇಲೆ ಹೊರಟಿದ್ದ. ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಹೋಗಿ ಬಿದ್ದ. ತಲೆಯ ಮೇಲೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಮೇ 19ರಂದು ತೀರಿಕೊಂಡ. ಅವನೂ ಮನೆಯ ಹತ್ತಿರದಲ್ಲಿಯೇ ಇದ್ದ.

ಅವನ ಹಾಸಿಗೆಯ ಬಳಿ ನಿಂತ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರೊಬ್ಬರಿದ್ದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ರಸ್ತೆಗಳಲ್ಲಿ ವಿಮಾನದಾಳಿಯ ಭಯದಿಂದ ದೀಪಗಳನ್ನು ಆರಿಸಲಾಗಿತ್ತು. ಆ ಕತ್ತಲೆಯಲ್ಲಿ ಸಂದೇಶ ಹೊತ್ತು ಓಡುವ ಸೈನ್ಯದ ಸವಾರರು ಮೇಲಿಂದ ಮೇಲೆ ಬೀಳುತ್ತಿದ್ದರು. ಯುದ್ಧದ ಮೊದಲ 21 ತಿಂಗಳುಗಳಲ್ಲಿ ಆ ದೇಶದಲ್ಲಿ 2,279 ಮೋಟಾರ್‌ಸೈಕಲ್ ಸವಾರರು ಮತ್ತು ಹಿಂಬದಿಯವರು ಸತ್ತರು. ಯುದ್ಧಕ್ಕೆ ಮುಂಚಿನ ಅಷ್ಟೇ ಅವಧಿಗಿಂತ ಇದು ನೂರಕ್ಕೆ 21ರಷ್ಟು ಹೆಚ್ಚು. ಕೇರ್ನ್ಸ್ ತಮ್ಮ ಬಳಿಗೆ ಬಂದ ತಲೆಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ 1941ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹೆಲ್ಮೆಟ್ ಧರಿಸಿ ಬಿದ್ದವರು ಅವರಿಗೆ ದೊರೆತದ್ದು ಏಳು ಮಂದಿ ಮಾತ್ರ. ಆ ಏಳೂ ಜನ ಬದುಕಿದ್ದರು. ಅದೇ ವರುಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ, ಕರ್ತವ್ಯದ ಮೇಲಿರುವ ಪ್ರತಿಯೊಬ್ಬ ಮೋಟಾರ್‌ಸೈಕಲ್ ಸವಾರನೂ ಹೆಲ್ಮೆಟ್ ಧರಿಸತಕ್ಕದ್ದೆಂದು ಆಜ್ಞೆ ಹೊರಡಿಸಿತು. ಆ ದೇಶದ ಸಾಮಾನ್ಯ ನಾಗರಿಕರಿಗೆ ಅದೇ ನಿಯಮ ಬಂದದ್ದು 1973ರಲ್ಲಿ. ಸೈನ್ಯದ ಗೇಟಿನಿಂದ ಮನೆಯ ಬಾಗಿಲಿಗೆ ಬರಲು ಒಂದು ನಿಯಮಕ್ಕೆ ಮೂವತ್ತೆರಡು ವರ್ಷ ಹಿಡಿಯಿತು. ನನ್ನ ಮನೆಯ ಬಾಗಿಲಿಗೆ ಇನ್ನೂ ಮೂವತ್ತು ವರ್ಷ ಹೆಚ್ಚು ಹಿಡಿಯಿತು.

“ಸೈನಿಕರೇ ಮೋಟಾರ್‌ಸೈಕಲ್ ಮೇಲೆ ಕಸರತ್ತು ಮಾಡುತ್ತಾರಲ್ಲ, ನಮಗೇಕೆ ಉಪದೇಶ?” ಎಂದು ತರುಣರು ಕೆಲವೊಮ್ಮೆ ನನ್ನನ್ನು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್‌ನ ‘ಟಾರ್ನೇಡೋಸ್’ ತಂಡದವರು 2017ರ ನವೆಂಬರ್ 19ರಂದು ಯಲಹಂಕ ವಾಯುನೆಲೆಯಲ್ಲಿ 500 ಸಿ.ಸಿ.ಯ ಒಂದೇ ಬುಲೆಟ್ ಮೇಲೆ 58 ಜನ ಏರಿ 1,200 ಮೀಟರ್ ಸಾಗಿ ವಿಶ್ವದಾಖಲೆ ಮಾಡಿದರು. ಆದರೆ ಅದು ನಡೆದದ್ದು ವಿಮಾನದ ಓಡುದಾರಿಯ ಮೇಲೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಅಂಚಿನಲ್ಲಿ ಕಬ್ಬಿನ ಟ್ರಾಲಿ ನಿಂತಿರುವುದಿಲ್ಲ. ಪ್ರದರ್ಶನ ಮುಗಿಸಿ ಬೀದಿಗೆ ಬಂದ ಆ ವೀರರ ಹಿಂದೆಯೂ ಕೂರಬಹುದಾದವನು ಒಬ್ಬನೇ.

ನಮ್ಮ ಎಂಐಡಿಸಿಯ ಕಾರ್ಮಿಕ ಬಂಧುಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಪಾಳಿ ಮುಗಿಸಿ ಹೊರಡುವಾಗ ಕಾರಖಾನೆಯಲ್ಲಿ ಕೊಟ್ಟ ಹಳದಿ ಟೋಪಿಯನ್ನೇ ತಲೆಗಿಟ್ಟುಕೊಂಡು ಗಾಡಿ ಓಡಿಸುವವರನ್ನು ನಾನು ದಿನವೂ ನೋಡುತ್ತೇನೆ. ಅದು ಮೇಲಿನಿಂದ ಬೀಳುವ ವಸ್ತುಗಳಿಂದ ತಲೆಯನ್ನು ಕಾಯಲು ಮಾಡಿದ್ದು. ರಸ್ತೆಗೆ ಬಿದ್ದಾಗ ಪೆಟ್ಟು ಬೀಳುವುದು ಪಕ್ಕಕ್ಕೆ, ಹಣೆಗೆ, ಹಿಂದಲೆಗೆ. ಆಗ ಆ ಟೋಪಿ ನಮಗಿಂತ ಮೊದಲು ಹಾರಿಹೋಗುತ್ತದೆ. ಸವಾರನ ಹೆಲ್ಮೆಟ್ಟಿನ ರಚನೆಯೇ ಬೇರೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ಅದರೊಳಗಿನ ಥರ್ಮೋಕೋಲಿನಂಥ ದಪ್ಪ ಪದರು ತಾನು ಜಜ್ಜಿಹೋಗಿ ಆ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಜಜ್ಜಿದ ಪದರು ಮತ್ತೆ ಉಬ್ಬುವುದಿಲ್ಲ. ಆದುದರಿಂದ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಬದಲಿಸಲೇಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟೂ, ಪೆಟ್ರೋಲ್ ಟಾಕಿಯ ಮೇಲೆ ಇಟ್ಟ ಹೆಲ್ಮೆಟ್ಟೂ ಒಂದೇ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ಅಪರಾಧ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ಟೋಪಿ ಪೊಲೀಸರ ಕಣ್ಣನ್ನು ವಂಚಿಸಬಹುದು, ಡಾಂಬರನ್ನು ವಂಚಿಸಲಾರದು.

ವೇಗದ ಮಾತೂ ಹಾಗೆಯೇ. ಗಂಟೆಗೆ 30 ಕಿಲೋಮೀಟರು ಎಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಅಷ್ಟು ದೂರ ಓಡಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನೆಲೆಯೊಳಗಿನ ವೇಗದ ಫಲಕ ನಮ್ಮನ್ನು ಕಾಡಲು ಹಾಕಿದ್ದಲ್ಲ, ಈ ಲೆಕ್ಕವನ್ನು ಬಲ್ಲವರು ಹಾಕಿದ್ದು.

ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ಇವರಲ್ಲಿ 35,692 ಜನ ಗಾಡಿ ಓಡಿಸುತ್ತಿದ್ದವರು, 14,337 ಜನ ಹಿಂದೆ ಕುಳಿತವರು. ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಗಾಯವನ್ನು ಸುಮಾರು 69ರಷ್ಟು ಕಡಿಮೆ ಮಾಡುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ತಜ್ಞರು ತೋರಿಸಿದ್ದಾರೆ. ಈ ಲೆಕ್ಕದಲ್ಲಿ ಬದುಕಿ ಉಳಿದವರು ಸೇರಿಲ್ಲ. ನನ್ನ ತಮ್ಮನಂಥವರು ಸತ್ತವರ ಈ ಅಂಕಿಗಳಲ್ಲಿ ಕಾಣಿಸುವುದಿಲ್ಲ.

ನನ್ನ ರಜೆ ಮುಗಿದು ನಾನು ಕರ್ತವ್ಯಕ್ಕೆ ಮರಳಿದೆ. ಅಕ್ಕೋರು ಮಾತ್ರ ಎರಡು ವರ್ಷ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಚಿತ್ರ ತೋರಿಸಿ, ಪಾಟಿಯ ಮೇಲೆ ಬರೆದು, ಅ ಆ ಇ ಈಯಿಂದ ಮೊದಲು ಮಾಡಿ, ಇಪ್ಪತ್ನಾಲ್ಕು ವರ್ಷದ ತರುಣನಿಗೆ ಮಗುವಿಗೆ ಕಲಿಸುವಂತೆ ಕಲಿಸಿದರು. ವೈದ್ಯರು ಹೇಳಿದ ವ್ಯಾಯಾಮಗಳನ್ನು ಅವ್ವ ಮಾಡಿಸಿದಳು. ಮೊದಲು ಮರಳಿ ಬಂದ ಮಾತು ‘ಅವ್ವ’. ಎರಡನೆಯದು ‘ಶಾಲಿ’. ನಾನು ಮುಂದಿನ ರಜೆಗೆ ಬಂದಾಗ ಅವನು ಬಹಳ ಪ್ರಯಾಸಪಟ್ಟು ‘ಅಣ್ಣಾ’ ಎಂದ. ಅಂದು ನಾನು ಅತ್ತಂತೆ ಅಪ್ಪ ತೀರಿಕೊಂಡಾಗಲೂ ಅತ್ತಿರಲಿಲ್ಲ. ಲೇಥ್ ಕೆಲಸ ಮತ್ತೆ ಅವನ ಕೈಗೆ ಬರಲಿಲ್ಲ. ಈಗ ಅವನು ಮನೆಯ ಮುಂದೆ ಒಂದು ಚಿಕ್ಕ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾನೆ. ಮಾತು ನಿಧಾನ. ಮರಾಠಿಯ ಮಾತುಗಳು ಅರ್ಧಕ್ಕೇ ನಿಲ್ಲುತ್ತವೆ. ಕನ್ನಡದಲ್ಲಿ ಮಾತ್ರ ಹುಡುಕಿದರೆ ಸಿಗುತ್ತವೆ. ಈ ಶಾಲೆ ನಮ್ಮ ಮನೆತನಕ್ಕೆ ಎರಡು ಸಲ ಭಾಷೆ ಕೊಟ್ಟಿದೆ ಎಂದು ನಾನು ಹೇಳಿದರೆ ಅದು ಅಲಂಕಾರದ ಮಾತಲ್ಲ.

ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳಲ್ಲಿಯೂ ಪಾಲಕರಲ್ಲಿಯೂ ನನ್ನ ಒಂದೇ ಪ್ರಾರ್ಥನೆ. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ಮುಂದೆ ಒಂದು ಮಗು, ಹಿಂದೆ ಎರಡು, ನಡುವೆ ಬರಿದಲೆಯ ತಂದೆ. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ತಪ್ಪಿದರೆ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸನ್ಸ್ ರದ್ದು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅವರ ತಲೆಗೊಪ್ಪುವ ಶಿರಸ್ತ್ರಾಣ, ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿಲೋಮೀಟರು ಮೀರದ ವೇಗ, ಇವು 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮಗಳು. ದಂಡದ ಭಯದಿಂದ ಪಾಲಿಸುವವನು ಪೊಲೀಸನಿಲ್ಲದ ಓಣಿಯಲ್ಲಿ ತೆಗೆದಿಡುತ್ತಾನೆ. ಅದಕ್ಕಾಗಿ ನಮ್ಮ ಶಾಲೆಯ ಗೇಟೇ ಒಂದು ದಂಡಿನ ಗೇಟಾಗಲಿ. ಹಳೆಯ ವಿದ್ಯಾರ್ಥಿಗಳು ಸರದಿಯ ಮೇಲೆ ಅಲ್ಲಿ ನಿಲ್ಲೋಣ. ಯಾರಿಗೂ ಬೈಯುವುದು ಬೇಡ, ದಂಡವೂ ಬೇಡ. ಕೈಯೊಡ್ಡಿ ನಿಲ್ಲಿಸಿ ನೆನಪು ಮಾಡಿಕೊಟ್ಟರೆ ಸಾಕು. ಅಂಗಡಿಯ ಲಾಭದಲ್ಲಿ ತಮ್ಮ ಕೂಡಿಸಿಟ್ಟ ಹಣಕ್ಕೆ ನನ್ನ ಪಿಂಚಣಿಯದನ್ನೂ ಸೇರಿಸಿ ಹತ್ತು ಚಿಕ್ಕ ಹೆಲ್ಮೆಟ್ಟುಗಳನ್ನು ಶಾಲೆಗೆ ಕೊಡಬೇಕೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ.

2021ರ ಮೇ 8ರಂದು ಬೆಂಗಳೂರಿನಲ್ಲಿ ಸೇನಾ ಪೊಲೀಸ್ ದಳದ ಮೊದಲ 83 ಮಹಿಳಾ ಸಿಪಾಯಿಗಳು ತರಬೇತಿ ಮುಗಿಸಿ ಹೊರಬಂದ ಸುದ್ದಿ ಓದಿದಾಗ ನನಗೆ ಅಕ್ಕೋರ ಛತ್ರಿ ನೆನಪಾಯಿತು. ಮುಂದೊಂದು ದಿನ ಈ ಶಾಲೆಯ ಹೆಣ್ಣುಮಗಳೊಬ್ಬಳು ಕೆಂಪು ಟೋಪಿ ಧರಿಸಿ ಯಾವುದೋ ಗೇಟಿನಲ್ಲಿ ನಿಲ್ಲಲಿ ಎಂದು ಹಾರೈಸುತ್ತೇನೆ.

ಇಂದು ನಮ್ಮ ಮನೆಯಿಂದ ಯಾರೇ ಗಾಡಿ ಹೊರತೆಗೆಯಲಿ, ತಮ್ಮ ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಪಟ್ಟಿಯೊಳಗೆ ಒಂದು ಬೆರಳು ತೂರಿಸಿ ನೋಡುತ್ತಾನೆ. ಬೀಡಿ ತರಲು ಓಣಿಯ ತುದಿಗೆ ಹೋಗುವವರನ್ನೂ ಬಿಡುವುದಿಲ್ಲ. ಎಲ್ಲ ಸರಿಯಿದ್ದರೆ ಸ್ವಲ್ಪ ತಡೆದು, ಮಾತನ್ನು ಹುಡುಕಿ, “ಹೋಗಿ ಬಾ” ಎನ್ನುತ್ತಾನೆ. ನಾನೂ ಅವನ ಅಪ್ಪಣೆಯಾಗುವವರೆಗೆ ಕಾಯುತ್ತೇನೆ.



— ಒಬ್ಬ ಹಳೆಯ ವಿದ್ಯಾರ್ಥಿ, ನಿವೃತ್ತ ಹವಾಲ್ದಾರ